ಕೆಳಮನೆಯ ಗೋಲ್‌ಕೀಪರ್

ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ಇಂಗ್ಲೆಂಡಿನ ಮುದುಕರೊಬ್ಬರಿದ್ದರು. ಎರಡು ಮಹಾಯುದ್ಧಗಳ ನಡುವೆ, ತಮ್ಮೂರಿನ ಮೂರನೇ ಡಿವಿಷನ್ನಿನ ಫುಟ್‌ಬಾಲ್ ಕ್ಲಬ್ಬಿಗೆ ಒಂದೇ ಒಂದು ಸೀಸನ್ ಆಡಿದ್ದರಂತೆ. ಅಗಲವಾದ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಮಾತಾಡುವರು. ಆ ಸೀಸನ್ನಿನ ಬಗ್ಗೆ ಕೇಳಿದರೆ ಮಾತ್ರ, "ಆ ವರ್ಷ ಮಳೆ ಜಾಸ್ತಿ, ಬಿಡಿ" ಎಂದು ಮುಗಿಸಿಬಿಡುವರು.

ಡಾಟ್‌ಕಾಮ್ ಭರಾಟೆಯ ಕಾಲ. ನನ್ನ ಆಫೀಸಿಗೆ ಹೊಸದಾಗಿ ಸೇರಿದ ತರುಣ ಅವರ ಊರಿನವನೇ. ಖುಷಿಯಾದೀತೆಂದು ಇಬ್ಬರನ್ನೂ ಊಟಕ್ಕೆ ಕರೆದೆ. ದೋಸೆ ತಿನ್ನುತ್ತಾ ತರುಣ ತನ್ನ ಅಜ್ಜ ಹೇಳುತ್ತಿದ್ದ ಕಥೆ ತೆಗೆದ. ಬಹಳ ಹಿಂದೆ, ಊರಿನ ಕ್ಲಬ್ಬಿನ ಸೀಸನ್ನಿನ ಕೊನೆಯ ಪಂದ್ಯದಲ್ಲಿ, ಮೆಲ್ಲಗೆ ಉರುಳಿಬಂದ ಚೆಂಡು ಗೋಲ್‌ಕೀಪರನ ಕೈಜಾರಿ ಒಳಗೆ ಹೋಯಿತಂತೆ. ಆ ಒಂದು ಗೋಲಿನಿಂದ ಸೋತು ಕ್ಲಬ್ಬು ಲೀಗಿನಿಂದಲೇ ಹೊರಬಿತ್ತಂತೆ.

"ಪಂದ್ಯ ನೋಡೋಕೆ ಹೋಗಿದ್ದ ನಮ್ಮಜ್ಜ ಮನೆಗೆ ಬಂದು ಅತ್ತುಬಿಟ್ರಂತೆ!" ಎಂದು ನಕ್ಕ. ನಾವೂ ನಕ್ಕೆವು.

ಮುದುಕರ ಮುಖ ಕೆಂಪೇರಿತು. ತಟ್ಟೆ ಸರಿಸಿ ಎದ್ದು ನಿಂತರು.

"ಆ ಗೋಲ್‌ಕೀಪರ್ ನಾನೇ. ನಿಮ್ಮಜ್ಜನಿಗೆ ಫೋನ್ ಹಚ್ಚಿಕೊಡ್ತೀಯಾ? ಕ್ಷಮೆ ಕೇಳ್ಬೇಕು."

"ಕೂತ್ಕೊಳ್ಳಿ ಅಂಕಲ್," ಎಂದಳು ನನ್ನ ಹೆಂಡತಿ. ಅವರು ಕೂರಲಿಲ್ಲ.

ತರುಣ ತಲೆತಗ್ಗಿಸಿ, "ಅಜ್ಜ ಈಗಿಲ್ಲ, ಸರ್," ಎಂದ.

"ಹಾಗಾದ್ರೆ ಇನ್ಯಾರನ್ನ ಕೇಳ್ಲಿ?" ಎಂದರು ಮುದುಕರು.

ಅವರ ಮುಖ ನೋಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.