ನವ್ಫಾ ಚಿಕ್ಕಮ್ಮನಿಗೆ ಐದಕ್ಕೆ ಒಂದು
ಜೋರ್ಡಾನಿನ ಸಾಲ್ಟ್ ಊರಿನ ನಮ್ಮ ಓಣಿಯಲ್ಲಿ ಬಟ್ಟೆ ಹೊಲಿಯುವ ನವ್ಫಾ ಚಿಕ್ಕಮ್ಮನಿಗೆ, ತನ್ನನ್ನು ತಾನೇ ಹೊಗಳಿಕೊಂಡರೆ ದೃಷ್ಟಿಯಾಗುತ್ತದೆಂಬ ಭಯ. ಫೋನಿನಲ್ಲಿ ಬರುವ ಆರೋಗ್ಯದ ಮಾತುಗಳಲ್ಲಿ ಜನ ಕಾಳು ಯಾವುದು, ಜೊಳ್ಳು ಯಾವುದು ಅಂತ ಎಷ್ಟು ಬಲ್ಲರೆಂದು ಅಳೆಯಲು ತಮಗೆ ತಾವೇ ಅಂಕ ಕೊಟ್ಟುಕೊಳ್ಳುವ ಪ್ರಶ್ನೆಪಟ್ಟಿ ಹಿಡಿದು ನಾನು ಹೋದಾಗ, ಎಂಟು ಪ್ರಶ್ನೆಗೂ ಆಕೆ ಐದಕ್ಕೆ ಒಂದೇ ಅಂಕ ಕೊಟ್ಟುಕೊಂಡಳು.

“ನಂಗೇನ್ ಗೊತ್ತಪ್ಪಾ? ಒಂದೇ ಬರ್ಕೋ. ಚಹಾ ಕುಡಿ.”

ಅಷ್ಟರಲ್ಲಿ ಅವಳ ಗಂಡ ಅಬೂ ಹಾಬಿಸ್ ಫೋನು ಕುಣಿಸುತ್ತ ಬಂದ. “ಲೇ, ಆಲಿವ್ ಎಲೆ ಕಷಾಯ ಕುಡಿದ್ರೆ ಸಕ್ಕರೆ ಕಾಯಿಲೆ ಮಂಗಮಾಯ ಅಂತೆ! ಈ ಮಾತ್ರೆ ಎಲ್ಲಾ ಕಸಕ್ಕೆ!”

“ಕೈ ತೆಗೀರಿ!” ಚಿಕ್ಕಮ್ಮ ಮಾತ್ರೆ ಡಬ್ಬಿ ಕಿತ್ತುಕೊಂಡಳು. “ಹೇಳಿದ ಡಾಕ್ಟ್ರ ಹೆಸರೇ ಇಲ್ಲ. ಕೆಳಗೆ ನೋಡಿ, ಎಲೆ ಮಾರೋ ಅಂಗಡಿ ನಂಬರು!” ಆಗಲೇ ಔಷಧಿ ಅಂಗಡಿಯವಳಿಗೆ ಫೋನು ಹಚ್ಚಿದಳು. ಮಾತ್ರೆ ಬಿಡಲೇಬೇಡಿ ಎಂದು ಅಂಗಡಿಯವಳು ಗದರಿದ್ದು ನನಗೂ ಕೇಳಿಸಿತು.

ನಾನು ಎದ್ದು ಕುಣಿಯುವುದೊಂದೇ ಬಾಕಿ. “ಚಿಕ್ಕಮ್ಮಾ, ನಿಂಗೆ ಐದಕ್ಕೈದು!”

“ಥೂ ಥೂ, ದೃಷ್ಟಿಯಾಗತ್ತೆ! ಒಂದೇ ಇರ್ಲಿ. ಅಂದ್ಹಾಗೆ ಇದನ್ನ ಕಳಿಸಿದ ಪುಣ್ಯಾತ್ಮ ಯಾರ್ರೀ?”

ಅಬೂ ಹಾಬಿಸ್ ನನ್ನತ್ತ ಬೆರಳು ತೋರಿಸಿದ. ಬೆಳಿಗ್ಗೆ ಓಣಿಯವರ ಫೋನ್ ಗುಂಪಿಗೆ ಅದನ್ನು ದಾಟಿಸಿದವನು ನಾನೇ. ಅದೇ ಪಟ್ಟಿಯಲ್ಲಿ ನನಗೆ ನಾನು ಕೊಟ್ಟುಕೊಂಡಿದ್ದು, ಎಲ್ಲಕ್ಕೂ ಐದು.