ಸೂಜಿ ಮುಟ್ಟದ ಹತ್ತು ನಿಮಿಷ

ನನ್ನ ಸೊಸೆ ಬಟ್ಟೆ ಹೊಲಿಯುವವಳು. ಬೀದಿಯವರೆಲ್ಲರ ಮೈಯಳತೆ ಅವಳಿಗೆ ಬಾಯಿಪಾಠ. ಹದಿನೈದರ ಮಗಳ ಮನಸ್ಸಿನ ಅಳತೆ ಮಾತ್ರ ಸಿಗಲಿಲ್ಲ. ಬದುಕೇ ಬೇಡವೆಂದು ಮೊಮ್ಮಗಳು ಪುಸ್ತಕದಲ್ಲಿ ಬರೆದದ್ದು ಕಂಡ ದಿನವೇ ಕತ್ತರಿಗಳಿಗೆಲ್ಲ ಬೀಗ ಬಿತ್ತು. ತಾಯಿ ಮಗಳು ವಾರಕ್ಕೊಮ್ಮೆ ಆಪ್ತಸಲಹೆಗಾರ್ತಿಯ ಬಳಿ ಹೋಗತೊಡಗಿದರು.

ಮುಚ್ಚಿದ ಬಾಗಿಲಿನಾಚೆ ಮಗಳು ನಗುವುದು ಕೇಳಿಸಿದರೆ, ಹೊರಗೆ ಬೆಂಚಿನ ಮೇಲೆ ಕೂತ ಸೊಸೆಗೆ ಹೊಟ್ಟೆಕಿಚ್ಚು.

"ಹೆತ್ತೋಳು ನಾನು, ಅತ್ತೆ! ನನ್ನ ಹತ್ರ ತುಟಿ ಹೊಲ್ಕೊಂಡಿರ್ತಾಳೆ. ಆ ಮೇಡಂ ಏನು ಮಂತ್ರ ಹಾಕ್ತಾರೋ!"

ಮೇಡಂ ಇವಳಿಗೂ ಪಾಠ ಕೊಟ್ಟಿದ್ದರು: ದಿನಕ್ಕೆ ಹತ್ತು ನಿಮಿಷ ಮಗಳ ಮಾತು ಕೇಳಬೇಕು, ಬುದ್ಧಿ ಹೇಳಬಾರದು. ಸೊಸೆ ಬುದ್ಧಿಯನ್ನೇನೋ ಹೇಳಲಿಲ್ಲ. ಆದರೆ ಮಗಳು ಬಾಯಿ ತೆರೆದಾಗಲೇ ಅವಳ ತೋಳಿನ ಗುಂಡಿ ಸಡಿಲವಾದದ್ದು ಕಂಡು, ಸೂಜಿ ದಾರ ತಂದು ಹಾಕಲು ಕೂತಳು. ಹುಡುಗಿ ಎದ್ದುಹೋದಳು.

"ನೀನು ಮಾತಾಡುವಾಗ ಮೇಡಂ ಕೈ ಎಲ್ಲಿರುತ್ತೆ, ನೋಡಿದ್ಯೇನೇ?" ಎಂದೆ.

"ಮಡಿಲಲ್ಲಿ. ಅವರಿಗೇನು, ಬೇರೆ ಕೆಲಸ ಇಲ್ಲ!"

ಮರುದಿನ ಸೊಸೆ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಳು. ಮಗಳ ಅಂಗಿಯ ಅಂಚು ಬಿಚ್ಚಿ ನೇತಾಡುತ್ತಿತ್ತು. ಇವಳು ಅಲುಗಲಿಲ್ಲ.

"ಅಮ್ಮಾ, ಬೆಳಿಗ್ಗೆ ಎದ್ದಾಗಲೇ ತುಂಬಾ ಭಯ ಆಗೋದು. ಆಗ ಒಬ್ಬಳೇ ಇರಕ್ಕಾಗಲ್ಲ."

"ನನ್ನ ಎಬ್ಬಿಸು, ಪುಟ್ಟಾ." ಆಮೇಲೆ ತಡೆಯಲಾರದೆ ಕೇಳಿದಳು, "ಮೇಡಂಗೆ ಹೇಳಿದ್ಯಾ ಇದನ್ನ?"

"ಇಲ್ಲ. ನಿಂಗೇ ಮೊದಲು."

ಸೊಸೆಯ ಮುಖ ಅರಳಿತು. ಸ್ವಲ್ಪ ಹೊತ್ತು ಆ ಸುಖವನ್ನು ಒಬ್ಬಳೇ ಅನುಭವಿಸಿದಳು. ಬಳಿಕ, ತನಗೆಂದು ಇಟ್ಟುಕೊಂಡ ಹೊಸ ಸೀರೆಯನ್ನು ಬೇರೆಯವರಿಗೆ ಕೊಡುವವಳ ಹಾಗೆ ಹೇಳಿದಳು:

"ನಾಳೆ ಅವರಿಗೂ ಹೇಳೋಣ."