ಕೆಂಪು ಬೆಲ್ಟು, ಕರಿ ಕೊಂಡಿ

ಶಿಕಾರಿಪುರದಲ್ಲಿ ನನ್ನದು ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿ. ಗಿರಾಕಿಯ ಬುದ್ಧಿ ಎಷ್ಟೆಂದು ಅವನು ಆರಿಸುವ ಬಣ್ಣದಲ್ಲೇ ನನಗೆ ಗೊತ್ತಾಗುತ್ತದೆ. ಸೊರಬದ ನಮ್ಮ ಭಾವನ ವಿಷಯದಲ್ಲಿ ಬಣ್ಣ ನೋಡುವ ಅಗತ್ಯವೂ ಇರಲಿಲ್ಲ. ಐವತ್ತರ ಹತ್ತಿರ ಬಂದ ಈ ಸರ್ವೆಯರ್ ಸಾಹೇಬರು ವರ್ಷಕ್ಕೆರಡು ಸಲ ಮನೆಯ ಕಾರನ್ನೇ ತಮಿಳುನಾಡಿನ ರೇಸ್ ಟ್ರ್ಯಾಕಿಗೆ ಒಯ್ದು, ದುಡ್ಡು ಕೊಟ್ಟು, ಅದೇ ಸುತ್ತನ್ನು ಮತ್ತೆ ಮತ್ತೆ ಸುತ್ತಿ ಬರುತ್ತಿದ್ದರು. ಎಲ್ಲಿಗೂ ಹೋಗದೆ ಅಷ್ಟು ಪೆಟ್ರೋಲು ಸುಡುವ ಸುಖ ನನಗಂತೂ ಅರ್ಥವಾಗಿಲ್ಲ.

ಕಳೆದ ವರ್ಷ ಆನ್‌ಲೈನಿನಲ್ಲಿ ತರಿಸಿದ ಕೆಂಪು ರೇಸಿಂಗ್ ಬೆಲ್ಟು ಹಿಡಿದುಕೊಂಡು ಅಂಗಡಿಗೆ ಬಂದರು. ಭುಜಕ್ಕೆ ಎರಡು ಪಟ್ಟಿ, ಸೊಂಟಕ್ಕೆ ಎರಡು, ನಡುವೆ ಒಂದು ಬೀಗ. ಜೊತೆಗೆ ಅಕ್ಕನೂ ಇದ್ದಳು. ನನ್ನನ್ನು ಹೊಲಿಗೆ ಯಂತ್ರದ ಹಿಂದಕ್ಕೆ ಕರೆದು, "ನೋಡೋ ತಮ್ಮಾ, ಅವ್ರ ಹುಚ್ಚು ಬಿಡ್ಸಕ್ಕೆ ನನ್ ಕೈಲಾಗಲ್ಲ. ಬೆನ್ನುಮೂಳೆ ನೆಟ್ಟಗಿಟ್ಕೊಂಡು ವಾಪಸ್ ಬರೋ ಹಂಗೆ ಮಾಡ್ಕೊಡು," ಅಂದಳು. ಅವಳ ಕಣ್ಣು ತುಂಬಿದ್ದು ನೋಡಿ ಭಾವನ ಮೇಲೆ ನನಗೆ ಇನ್ನಷ್ಟು ಸಿಟ್ಟು ಬಂತು.

ಭುಜದ ಪಟ್ಟಿಗಳನ್ನು ಸೀಟಿನ ಬೆನ್ನಿಗುಂಟ ಕೆಳಗಿಳಿಸಿ ನೆಲಕ್ಕೆ ಬೋಲ್ಟ್ ಹಾಕು ಎಂದು ಸಾಹೇಬರ ಅಪ್ಪಣೆಯಾಯಿತು. ಹಿಂದಕ್ಕೆ ಎಳೆದು ಕಟ್ಟಿದರೆ ಹಿಂದಿನ ಸೀಟಿಗೆ ಅಡ್ಡ, ತಮ್ಮ ತಾಯಿಯನ್ನು ಚಂದ್ರಗುತ್ತಿಯ ಗುಡಿಗೆ ಕರೆದೊಯ್ಯಲು ಅದು ಖಾಲಿ ಇರಬೇಕಂತೆ. ಗುದ್ದಿದಾಗ ಮೈ ಮುಂದಕ್ಕೆ ನುಗ್ಗುತ್ತದೆ, ಪಟ್ಟಿ ಕೆಳಕ್ಕೆ ಎಳೆದರೆ ಭಾರವೆಲ್ಲ ಬೆನ್ನುಮೂಳೆಗೇ ಬೀಳುತ್ತದೆ ಎಂದೆ. ಗೇಣು ಜಾಗದ ಓರೆಗೆ ದಿನವಿಡೀ ಅಳತೆಯ ಸರಪಳಿ ಎಳೆಸುವ ಮನುಷ್ಯನಿಗೆ ಈ ಓರೆ ಕಾಣಲಿಲ್ಲ. ಕೊನೆಗೆ ಸೀಟಿನಲ್ಲಿ ಕೂರಿಸಿ ಎರಡೂ ಪಟ್ಟಿ ಹಿಡಿದು ನೆಲದತ್ತ ಜಗ್ಗಿದೆ. ಭತ್ತದ ಚೀಲ ಹೊತ್ತವರಂತೆ ಕುಗ್ಗಿದರು. ಆಮೇಲೆ ವಾದ ಮಾಡಲಿಲ್ಲ.

ಅದಕ್ಕೆಂದೇ ಸಿಗುವ ಉಕ್ಕಿನ ಅಡ್ಡಸರಳು ತರಿಸಿ, ಮುಂದಿನ ಸೀಟುಗಳ ಹಿಂದೆ ಈ ಬದಿಯಿಂದ ಆ ಬದಿಗೆ ಬಿಗಿದೆ. ಬೇಡವಾದಾಗ ಬಿಚ್ಚಿಡಬಹುದು. ಭುಜದ ಪಟ್ಟಿಗಳು ಈಗ ಹೆಚ್ಚುಕಡಿಮೆ ಸಮನಾಗಿ ಹಿಂದಕ್ಕೆ ಹೋದವು. ಸೊಂಟದ ಪಟ್ಟಿಯನ್ನು ಭಾವ ಹೊಟ್ಟೆಯ ಮೇಲೆ ಕಟ್ಟಿಕೊಳ್ಳಲು ಹೊರಟಿದ್ದರು. ಅಲ್ಲಿ ಜಾಗವೇನೋ ಧಾರಾಳವಾಗಿತ್ತು. ಅದನ್ನು ಸೊಂಟದ ಮೂಳೆಯ ಮೇಲೆ ಇಳಿಸಿ, ಬಿಗಿದು, ಮೂರು ಸಲ ಪರೀಕ್ಷಿಸಿದೆ.

ಕೆಲಸ ಮುಗಿದು ಇಬ್ಬರೂ ಸೊರಬಕ್ಕೆ ಹೊರಟರು. ಕೆಂಪು ಬೆಲ್ಟು ಕೊಳೆಯಾಗುತ್ತದೆಂದು ಭಾವ ಅದನ್ನು ಪಕ್ಕಕ್ಕೆ ಸರಿಸಿದರು. ಮಾಮೂಲಿ ಬೆಲ್ಟನ್ನೂ ಹಾಕಲಿಲ್ಲ. ಆದರೂ ಬೆಲ್ಟು ಹಾಕದಿದ್ದರೆ ಕೂಗಬೇಕಾದ ಕಾರು ಸದ್ದು ಮಾಡಲಿಲ್ಲ. ಬಗ್ಗಿ ನೋಡಿದರೆ ಬೆಲ್ಟು ಸಿಕ್ಕಿಸುವ ಜಾಗದಲ್ಲಿ ಬರೀ ಒಂದು ಕರಿ ಕೊಂಡಿ. ಬೆಲ್ಟು ಹಾಕಿದ್ದಾರೆಂದು ಕಾರನ್ನು ನಂಬಿಸಲು ಅದೊಂದಿದ್ದರೆ ಸಾಕು. ನಗು ತಡೆಯಲಾಗಲಿಲ್ಲ.

"ಟ್ರ್ಯಾಕಲ್ಲಿ ನಾಲ್ಕು ಪಟ್ಟಿ, ರೋಡಲ್ಲಿ ಈ ಚೂರಾ ಭಾವ? ಯಾವ ದಡ್ಡ ಕೊಟ್ಟ ಇದನ್ನ?"

"ನೀನೇ ಕಣೋ," ಅಂದರು ಭಾವ. "ಮೂರು ವರ್ಷದ ಹಿಂದೆ ಸೀಟ್ ಕವರ್ ಹಾಕ್ದಾಗ ಎರಡು ಬಿಟ್ಟಿ ಕೊಟ್ಟಿದ್ದೆ."

ನನ್ನ ಕಣ್ಣು ಪಕ್ಕದ ಸೀಟಿಗೆ ಹೋಯಿತು. ಅಕ್ಕ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಎರಡನೆಯದು ಅವಳ ಬದಿಯಲ್ಲಿತ್ತು. ಮೂರು ವರ್ಷದಿಂದ ಅವಳು ಬೆಲ್ಟಿಲ್ಲದೆ ಹಾಗೇ ಓಡಾಡಿದ್ದಳು.

ಎರಡನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ. ಕಾರು ಕೂಗತೊಡಗಿತು. ಭಾವ ತಮ್ಮ ಬೆಲ್ಟು ಎಳೆದುಕೊಂಡರು. ಅಕ್ಕ ಭುಜದ ಹತ್ತಿರ ತಡಕಾಡಿ ನನ್ನ ಮುಖ ನೋಡಿದಳು.

"ಇದನ್ನ ಹೆಂಗ್ ಹಾಕ್ಕಳದು ತಮ್ಮಾ?"